ಮೆಮೊರಿ ಕಾರ್ಡ್ ಕೆಡದಂತೆ ಕಾಯಲು ಯಾವ ದಾರಿ ಯಾರಿಗೆ?

ಕೆಂಪು ದೀಪ ಉರಿಯುತ್ತಿತ್ತು. ಹಸಿರು ದೀಪ ನಾಲ್ಕಾರು ಸಲ ಮಿಣುಕಿ ನಿಂತುಬಿಟ್ಟಿತ್ತು. ರಾತ್ರಿ ಕರೆಂಟ್ ಹೋಗಿ ಬಂದಿತ್ತು; ವರ್ಷದಿಂದ ಒಂದೇ ಸಮನೆ ತಾಪಮಾನ ದಾಖಲಿಸುತ್ತಿದ್ದ ನನ್ನ ರಾಸ್ಪ್‌ಬೆರಿ ಪೈ (ಮೆಮೊರಿ ಕಾರ್ಡಿನಿಂದ ನಡೆಯುವ ಪುಟ್ಟ ಕಂಪ್ಯೂಟರ್ ಬೋರ್ಡ್) ಬೆಳಿಗ್ಗೆ ಮೇಲೇಳಲಿಲ್ಲ. ಪರದೆ ಜೋಡಿಸಿದರೆ ‘ಕರ್ನಲ್ ಪ್ಯಾನಿಕ್’, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳೇ ಕೈಚೆಲ್ಲಿದೆ ಎಂಬ ಸಾಲುಗಳು. ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ಯಂತ್ರ ಚಾಲೂ ಮಾಡುವ (ಬೂಟ್) ಕಡತಗಳಿದ್ದ ಮೊದಲ ವಿಭಾಗ ತೆರೆದುಕೊಂಡಿತು. ಉಳಿದೆಲ್ಲವೂ ಇದ್ದ ಎರಡನೆಯ ವಿಭಾಗ ಏನು ಮಾಡಿದರೂ ತೆರೆಯಲಿಲ್ಲ. ಕಾರ್ಡ್ ಕಳಪೆ ಇರಬೇಕು ಎಂದುಕೊಂಡು ಹೆಚ್ಚು ಬೆಲೆಯದನ್ನೇ ತಂದು ಹಾಕಿದೆ. ಐದೇ ತಿಂಗಳಲ್ಲಿ ಅದಕ್ಕೂ ಅದೇ ಗತಿಯಾಯಿತು.

ಆ ಎರಡನೆಯ ಕಾರ್ಡ್ ಹೋದ ಮೇಲೆ ನಾನು ಕುಳಿತು ಓದಿ, ಅಳೆದು, ಬೇರೆ ಬೇರೆ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಮೊದಲು ತಿಳಿದದ್ದು ಇಷ್ಟು: ಕಾರ್ಡ್ ಕೆಡಲು ಕಾರಣ ಒಂದಲ್ಲ, ಎರಡು. ಹಠಾತ್ತನೆ ವಿದ್ಯುತ್ ಕಡಿದು ಬರಹ ಅರ್ಧಕ್ಕೆ ನಿಲ್ಲುವುದು ಒಂದು. ಬರೆದು ಬರೆದು ಕಾರ್ಡ್ ಸವೆಯುವುದು ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಯುಪಿಎಸ್ ಹಾಕಿದರೆ ಸವೆತ ನಿಲ್ಲುವುದಿಲ್ಲ. ಹೆಚ್ಚು ಬಾಳಿಕೆಯ ಕಾರ್ಡ್ ಹಾಕಿದ ಮಾತ್ರಕ್ಕೆ ವಿದ್ಯುತ್ ಕಡಿತದ ಪೆಟ್ಟು ತಪ್ಪುವುದಿಲ್ಲ. ಎರಡಕ್ಕೂ ಆಗಿಬರುವ ದಾರಿಯೆಂದರೆ ಕಾರ್ಡಿಗೆ ಬರೆಯುವುದನ್ನು ಕಡಿಮೆ ಮಾಡುವುದು, ಸಾಧ್ಯವಿದ್ದರೆ ನಿಲ್ಲಿಸಿಯೇ ಬಿಡುವುದು. ಅದಕ್ಕೆ ಹೊಸ ಸಾಮಾನು ಏನೂ ಬೇಕಾಗಿಲ್ಲ. ಹಾಗಿದ್ದೂ ಹೆಚ್ಚಿನವರು ನನ್ನ ಹಾಗೆಯೇ ಮೊದಲು ಅಂಗಡಿಗೆ ಹೋಗುತ್ತಾರೆ.

ಕಾರ್ಡಿನ ಒಳಗೆ ನಡೆಯುವುದೇನು?

ಮೈಕ್ರೋಎಸ್‌ಡಿ ಕಾರ್ಡ್ ಬರೀ ನೆನಪಿನ ಚಿಪ್ಪಲ್ಲ, ಅದರೊಳಗೊಂದು ಪುಟ್ಟ ಕಂಪ್ಯೂಟರೇ ಇದೆ. 2013ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಎಂಬ ಹ್ಯಾಕರ್ ಸಮಾವೇಶದಲ್ಲಿ ಆಂಡ್ರ್ಯೂ ‘ಬನ್ನಿ’ ಹುವಾಂಗ್ ಮತ್ತು ಶಾನ್ ಕ್ರಾಸ್ ಕೆಲವು ಕಾರ್ಡುಗಳೊಳಗಿನ ಮೈಕ್ರೋಕಂಟ್ರೋಲರ್‌ನಲ್ಲಿ ತಮ್ಮದೇ ಪ್ರೋಗ್ರಾಂ ಓಡಿಸಿ ತೋರಿಸಿದ್ದರು. ಆ ಮೈಕ್ರೋಕಂಟ್ರೋಲರ್ ಮಾಡುವ ಕೆಲಸ ಬಲು ಜಟಿಲ. ಫ್ಲ್ಯಾಶ್ ಸ್ಮೃತಿಯಲ್ಲಿ ಬರೆಯುವುದು ಕೆಲವೇ ಕಿಲೋಬೈಟ್‌ಗಳ ಒಂದೊಂದು ಪುಟವಾಗಿ. ಅಳಿಸುವುದು ಮಾತ್ರ ನೂರಾರು ಕಿಲೋಬೈಟ್‌ನಿಂದ ಹಲವು ಮೆಗಾಬೈಟ್‌ವರೆಗಿನ ದೊಡ್ಡ ಖಂಡವಾಗಿ. ಒಮ್ಮೆ ಬರೆದ ಪುಟದ ಮೇಲೆ ಮತ್ತೆ ಬರೆಯಲು ಬರುವುದಿಲ್ಲ. ಹಾಗಾಗಿ ನೀವು ಒಂದು ಅಕ್ಷರ ತಿದ್ದಿದರೂ ಕಂಟ್ರೋಲರ್ ಅದನ್ನು ಹೊಸ ಜಾಗದಲ್ಲಿ ಬರೆದು, ಯಾವುದು ಎಲ್ಲಿದೆ ಎಂಬ ತನ್ನ ನಕ್ಷೆಯನ್ನು ತಿದ್ದಿಕೊಂಡು, ಬಿಡುವಾದಾಗ ಹಳೆಯ ಖಂಡದಲ್ಲಿ ಉಳಿದದ್ದನ್ನು ಬೇರೆಡೆಗೆ ಸಾಗಿಸಿ, ಖಂಡವನ್ನು ಅಳಿಸುತ್ತದೆ.

ಈ ಸಾಗಾಟದ ನಡುವೆ ಕರೆಂಟ್ ಹೋಯಿತೆಂದುಕೊಳ್ಳಿ. ನಕ್ಷೆ ಅರ್ಧ ತಿದ್ದಿದ ಸ್ಥಿತಿಯಲ್ಲಿ ಉಳಿಯುತ್ತದೆ. ಒಂದೇ ಕೋಶದಲ್ಲಿ ಎರಡು ಮೂರು ಬಿಟ್‌ಗಳನ್ನು ತುಂಬುವ ಇಂದಿನ ಚಿಪ್ಪುಗಳಲ್ಲಿ ಇನ್ನೂ ಒಂದು ಅಪಾಯವಿದೆ. ಈಗ ಬರೆಯುತ್ತಿರುವ ಪುಟ ಕೆಟ್ಟರೆ, ಅದೇ ಕೋಶಗಳಲ್ಲಿ ಹಿಂದೆ ಬರೆದಿಟ್ಟ ಜೋಡಿ ಪುಟವೂ ಕೆಡಬಹುದು. ಎಂದೋ ಬರೆದು ಮುಟ್ಟದೆ ಬಿಟ್ಟಿದ್ದ ಕಡತ ಹಾಳಾಗುವುದು ಹೀಗೆ. ‘ಎಕ್ಸ್‌ಟ್4 ಫೈಲ್ ಸಿಸ್ಟಂಗೆ ಜರ್ನಲ್ ಇದೆಯಲ್ಲ, ಅದು ಕಾಪಾಡುವುದಿಲ್ಲವೇ?’ ಎಂದು ಹಲವರು ಕೇಳುತ್ತಾರೆ. ಪೈಯನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಕಡತಗಳನ್ನು ಕಾರ್ಡಿನಲ್ಲಿ ಜೋಡಿಸಿಡುವ ಕ್ರಮವೇ ಎಕ್ಸ್‌ಟ್4; ಮಾಡಲಿರುವ ಬದಲಾವಣೆಯನ್ನು ಅದು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ ಜರ್ನಲ್. ಜರ್ನಲ್ ತನ್ನ ಕೈಯಲ್ಲಿದ್ದ ಕೆಲಸವನ್ನು ಮಾತ್ರ ಸರಿಪಡಿಸಬಲ್ಲದು. ಹಿಂದೆ ಬರೆದದ್ದು ಬರೆದಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಕಾರ್ಡ್ ಮುರಿಯುವುದು ಅದೇ ನಂಬಿಕೆಯನ್ನು.

ಸವೆತದ ಕತೆ ಇದಕ್ಕಿಂತ ಸರಳ. ಒಂದು ಕೋಶಕ್ಕೆ ಒಂದೇ ಬಿಟ್ ತುಂಬುವ ಎಸ್‌ಎಲ್‌ಸಿ ಚಿಪ್ಪನ್ನು ಒಂದು ಲಕ್ಷ ಸಲದ ಆಸುಪಾಸು ಅಳಿಸಿ ಬರೆಯಬಹುದು. ಮೂರು ಬಿಟ್ ತುಂಬುವ ಟಿಎಲ್‌ಸಿಗೆ ಈ ಲೆಕ್ಕ ಸಾವಿರದಿಂದ ಮೂರು ಸಾವಿರಕ್ಕೆ ಇಳಿಯುತ್ತದೆ. ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿಗೆ ಇನ್ನೂ ಕಡಿಮೆ.

ನಿಮ್ಮದು ಯಾವ ಕಾಯಿಲೆ?

ದಾರಿ ಆರಿಸುವ ಮುನ್ನ ಇದನ್ನು ತಿಳಿದುಕೊಳ್ಳಬೇಕು. ಯಂತ್ರ ಸದಾ ಸರಿಯಿದ್ದು ಕರೆಂಟ್ ಹೋಗಿ ಬಂದಾಗ ಮಾತ್ರ ಕೆಟ್ಟಿದೆ, ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಸರಾಗವಾಗಿ ನಡೆಯುತ್ತದೆ ಎಂದಾದರೆ ಅದು ಮೊದಲನೆಯದು. ಸವೆದ ಕಾರ್ಡಿನ ಲಕ್ಷಣಗಳೇ ಬೇರೆ. ಯಂತ್ರ ದಿನದಿನಕ್ಕೆ ನಿಧಾನವಾಗುತ್ತದೆ. ಕರ್ನಲ್ ಸಂದೇಶಗಳಲ್ಲಿ ಕಾರ್ಡಿನ ಹೆಸರಿನ ಜೊತೆ ‘ದೋಷ -110’, ಅಂದರೆ ಕಾರ್ಡ್ ಹೊತ್ತಿಗೆ ಸರಿಯಾಗಿ ಉತ್ತರಿಸಲಿಲ್ಲ ಎಂಬ ದೂರು, ಮತ್ತೆ ಮತ್ತೆ ಕಾಣಿಸುತ್ತದೆ. ಫೈಲ್ ಸಿಸ್ಟಂ ತಾನಾಗಿ ‘ಓದಲು ಮಾತ್ರ’ ಸ್ಥಿತಿಗೆ ಜಾರುತ್ತದೆ.

ಇನ್ನೊಂದು ಲಕ್ಷಣವನ್ನು ಕಣ್ಣಾರೆ ಕಂಡಾಗ ನನಗೆ ನಂಬಲಾಗಲಿಲ್ಲ. ಒಂದು ಕಡತ ಅಳಿಸಿದೆ, ಅದು ಹೋಯಿತು. ಯಂತ್ರ ಮತ್ತೆ ಚಾಲೂ ಮಾಡಿದೆ, ಕಡತ ವಾಪಸ್ ಬಂದಿತ್ತು. ಇಡೀ ಕಾರ್ಡ್ ಫಾರ್ಮ್ಯಾಟ್ ಮಾಡಿದೆ, ಯಾವ ದೋಷವನ್ನೂ ತೋರಿಸದೆ ಕೆಲಸ ಮುಗಿಯಿತು. ಕಿತ್ತು ಮತ್ತೆ ಹಾಕಿದರೆ ಹಳೆಯದೆಲ್ಲ ಹಾಗೆಯೇ ಇತ್ತು. ಆಯಸ್ಸು ಮುಗಿದ ಕೆಲವು ಕಾರ್ಡುಗಳು ಹೀಗೆ ಬರೆಯುವುದನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತವೆ. ಅಂಥ ಕಾರ್ಡಿನಿಂದ ಬೇಕಾದ್ದನ್ನು ಕೂಡಲೇ ನಕಲು ಮಾಡಿಕೊಳ್ಳಿ, ರಿಪೇರಿಗೆ ಹೊತ್ತು ಕಳೆಯಬೇಡಿ.

ದಿನಕ್ಕೆ ಎಷ್ಟು ಬರೆಯುತ್ತಿದ್ದೀರಿ ಎಂಬುದನ್ನು ಅಳೆಯುವುದು ಸುಲಭ. ಲಿನಕ್ಸ್‌ನ ‘ಸಿಸ್’ ಫೋಲ್ಡರಿನಡಿ ಎಕ್ಸ್‌ಟ್4 ವಿಭಾಗಕ್ಕೆ ಸೇರಿದ ‘ಲೈಫ್‌ಟೈಮ್ ರೈಟ್ ಕೆಬೈಟ್ಸ್’ ಎಂಬ ಕಡತವಿದೆ. ಆ ವಿಭಾಗ ಹುಟ್ಟಿದಂದಿನಿಂದ ಬರೆದ ಕಿಲೋಬೈಟ್‌ಗಳ ಲೆಕ್ಕ ಅದರಲ್ಲಿರುತ್ತದೆ. ಇವತ್ತು ಓದಿ ಬರೆದಿಟ್ಟುಕೊಳ್ಳಿ, ನಾಳೆ ಅದೇ ಹೊತ್ತಿಗೆ ಮತ್ತೆ ಓದಿ. ವ್ಯತ್ಯಾಸ ಹತ್ತಾರು ಮೆಗಾಬೈಟ್ ಆಗಿದ್ದರೆ ಸವೆತದ ಚಿಂತೆ ಬಿಡಿ, ವಿದ್ಯುತ್ತಿನ ಕಡೆ ಗಮನ ಕೊಡಿ. ಜಿಬಿಗಳಲ್ಲಿ ಬಂದರೆ ಯಾವ ಪ್ರೋಗ್ರಾಂ ಬರೆಯುತ್ತಿದೆ ಎಂದು ‘ಐಒಟಾಪ್’ ಹಾಕಿ ಅರ್ಧ ದಿನ ನೋಡಿ.

ಮೊದಲು ವಿದ್ಯುತ್

ಕರೆಂಟ್ ಪೂರ್ತಿ ಹೋಗಬೇಕೆಂದೇನೂ ಇಲ್ಲ; ಕ್ಷಣಕಾಲ ವೋಲ್ಟೇಜ್ ಕುಸಿದರೂ ಸಾಕು. ರಾಸ್ಪ್‌ಬೆರಿ ಪೈಯ ಅಧಿಕೃತ ಅಡಾಪ್ಟರ್‌ಗಳು 5.1 ವೋಲ್ಟ್ ಕೊಡುತ್ತವೆ: ಪೈ 3ಕ್ಕೆ 2.5 ಆಂಪಿಯರ್, ಪೈ 4ಕ್ಕೆ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ. ಪರದೆಯಿಲ್ಲದ ಯಂತ್ರದಲ್ಲಿ ‘ಗೆಟ್ ಥ್ರಾಟಲ್ಡ್’ ಆದೇಶ ಕೊಟ್ಟು ನೋಡಿ. ಉತ್ತರ ಸೊನ್ನೆಯಾಗಿದ್ದರೆ, ಚಾಲೂ ಆದಾಗಿನಿಂದ ಬೋರ್ಡಿಗೆ ವಿದ್ಯುತ್ ಕೊರತೆಯಾಗಿಲ್ಲ. ಬೇರೆ ಸಂಖ್ಯೆ ಬಂದರೆ ವೋಲ್ಟೇಜ್ ಕುಸಿದಿರಬಹುದು ಅಥವಾ ಬೋರ್ಡ್ ಕಾದು ವೇಗ ತಗ್ಗಿಸಿಕೊಂಡಿರಬಹುದು. ಯಾವುದೆಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ.

ಮೊಬೈಲ್ ಚಾರ್ಜರ್ ಮತ್ತು ಅಧಿಕೃತ ಅಡಾಪ್ಟರ್ ನಡುವೆ ಆಯ್ಕೆ ಎಂದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ಹೇಳುತ್ತೇನೆ. ಚಾರ್ಜರ್ ಮೇಲೆ ಬರೆದ ಆಂಪಿಯರ್ ನಿಜವೇ ಇರಬಹುದು. ಆದರೆ ಉದ್ದನೆಯ ತೆಳು ಕೇಬಲ್ಲಿನಲ್ಲೇ ಅರ್ಧ ವೋಲ್ಟ್ ಸೋರಿಹೋದರೆ ಬೋರ್ಡಿಗೆ ತಲುಪುವುದು 4.5 ಮಾತ್ರ. ನನ್ನ ಎರಡನೆಯ ಕಾರ್ಡನ್ನು ಕೊಂದದ್ದು ಇಂಥದೇ ಒಂದು ಕೇಬಲ್. ಅದನ್ನು ಬದಲಿಸಿದ ದಿನದಿಂದ ಮಿಂಚಿನ ಗುರುತು ಮತ್ತೆ ಕಂಡಿಲ್ಲ.

ಯುಪಿಎಸ್ ವಿಷಯದಲ್ಲಿ ನೋಡಬೇಕಾದ್ದು ಒಂದೇ. ಬ್ಯಾಟರಿ ಮುಗಿಯುತ್ತಿದೆ ಎಂಬ ಸಂಕೇತವನ್ನು ಅದು ಬೋರ್ಡಿಗೆ ಮುಟ್ಟಿಸುತ್ತದೆಯೇ? ಬೋರ್ಡ್ ಆ ಸಂಕೇತ ಹಿಡಿದು ತಾನಾಗಿ ಸರಿಯಾಗಿ ಸ್ಥಗಿತಗೊಳ್ಳುತ್ತದೆಯೇ? ಇವೆರಡೂ ಇಲ್ಲದ ಯುಪಿಎಸ್ ಅಪಘಾತವನ್ನು ಅರ್ಧ ಗಂಟೆ ಮುಂದೂಡುತ್ತದೆ, ಅಷ್ಟೇ. ಜೊತೆಗೆ ಲಿಥಿಯಂ ಕೋಶಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಮೇಜಿನ ಮೇಲಿನ ಯಂತ್ರಕ್ಕೆ ಯುಪಿಎಸ್‌ಗಿಂತ ಒಂದು ಗುಂಡಿ ಹೆಚ್ಚು ಉಪಕಾರಿ. ಪೈ 5ರಲ್ಲಿ ವಿದ್ಯುತ್ ಗುಂಡಿ ಬೋರ್ಡಿನಲ್ಲೇ ಇದೆ. ಹಳೆಯವುಗಳಲ್ಲಿ ಬೋರ್ಡಿನ ಜಿಪಿಐಒ 3 ಮತ್ತು ಗ್ರೌಂಡ್ ಪಿನ್ನುಗಳ ನಡುವೆ ಒಂದು ಗುಂಡಿ ಬೆಸೆದು, ‘ಜಿಪಿಐಒ-ಶಟ್‌ಡೌನ್’ ಓವರ್‌ಲೇ ಎಂಬ, ಗುಂಡಿಯನ್ನು ಗುರುತಿಸುವ ಸಾಲನ್ನು ಕಾನ್ಫಿಗ್ ಕಡತದಲ್ಲಿ ಸೇರಿಸಿದರಾಯಿತು. ಒಮ್ಮೆ ಒತ್ತಿದರೆ ಸ್ಥಗಿತ, ಮತ್ತೆ ಒತ್ತಿದರೆ ಚಾಲೂ. ಮನೆಯವರೆಲ್ಲರೂ ಬಳಸುವ ಯಂತ್ರವಾದರೆ ಈ ಗುಂಡಿ ಇರಲೇಬೇಕು. ಪ್ಲಗ್ ಕೀಳಬೇಡಿ ಎಂದು ಹೇಳಿದರೆ ಸಾಲದು, ಕೀಳದೆ ಏನು ಮಾಡಬೇಕು ಎಂಬುದನ್ನೂ ತೋರಿಸಿಕೊಡಬೇಕು.

ಕಾರ್ಡುಗಳಲ್ಲಿ ಆಯ್ಕೆ

ಕಾರ್ಡಿನ ಮೇಲಿನ ಗುರುತುಗಳೆಲ್ಲ ವೇಗವನ್ನು ಹೇಳುತ್ತವೆ, ಬಾಳಿಕೆಯನ್ನಲ್ಲ. ಕ್ಲಾಸ್ 10, ಯು3, ವಿ30 ಇವು ವಿಡಿಯೊದಂತೆ ಒಂದೇ ಸಮನೆ ಬರೆಯುವ ವೇಗದ ಮಾತು. ಎ1, ಎ2 ಮಾತ್ರ ನಮ್ಮ ಕೆಲಸಕ್ಕೆ ಹತ್ತಿರದವು, ಏಕೆಂದರೆ ಅವು ಸಣ್ಣಸಣ್ಣ ತುಣುಕುಗಳನ್ನು ಅಲ್ಲಲ್ಲಿ ಬರೆಯುವ ಸಾಮರ್ಥ್ಯವನ್ನು ಹೇಳುತ್ತವೆ. ಎ1 ಸೆಕೆಂಡಿಗೆ ಕನಿಷ್ಠ 1500 ಓದು, 500 ಬರಹ. ಎ2 ಕನಿಷ್ಠ 4000 ಓದು, 2000 ಬರಹ. ಎ2ರ ಪೂರ್ತಿ ಪ್ರಯೋಜನ ಸಿಗಲು ಬೋರ್ಡ್ ಕೂಡ ಆದೇಶಗಳನ್ನು ಸಾಲಾಗಿ ಕೊಡುವ ವಿಧಾನವನ್ನು ಬಲ್ಲದಾಗಿರಬೇಕು. ಹಳೆಯ ಬೋರ್ಡಿಗೆ ಒಳ್ಳೆಯ ಎ1 ಕಾರ್ಡೇ ಸಾಕು.

‘ಹೈ ಎಂಡ್ಯೂರೆನ್ಸ್’ ಎಂದು ಮಾರುವ ಕಾರ್ಡುಗಳು ಕಾರಿನ ಕ್ಯಾಮೆರಾ, ಕಾವಲು ಕ್ಯಾಮೆರಾಗಳಿಗಾಗಿ ಮಾಡಿದವು. ಇಷ್ಟು ಸಾವಿರ ಗಂಟೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಆ ಗಂಟೆಗಳ ಲೆಕ್ಕ ವಿಡಿಯೊದ್ದು: ದೊಡ್ಡ ದೊಡ್ಡ ಭಾಗಗಳನ್ನು ಒಂದರ ಹಿಂದೊಂದು ಬರೆಯುವುದು. ಡೇಟಾಬೇಸ್ ಮಾಡುವ ಚಿಲ್ಲರೆ ಬರಹಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಆದರೂ ಸಾಮಾನ್ಯ ಕಾರ್ಡಿಗಿಂತ ಇವು ಮೇಲು. ಬೆಲೆಯ ವ್ಯತ್ಯಾಸವೂ ಸಹಿಸುವಂಥದು. ನಾನು ಬಳಸುವುದು ಇವನ್ನೇ.

ಕೈಗಾರಿಕಾ ದರ್ಜೆಯ ಕಾರ್ಡುಗಳ ಜಾತಿಯೇ ಬೇರೆ. ಮೂರು ಬಿಟ್‌ನ ಕೋಶಕ್ಕೆ ಒಂದೇ ಬಿಟ್ ತುಂಬಿ ಬಳಸುವ ಹುಸಿ ಎಸ್‌ಎಲ್‌ಸಿ ವಿಧಾನ, ವಿದ್ಯುತ್ ಕಡಿತವನ್ನು ಗಮನದಲ್ಲಿಟ್ಟು ಬರೆದ ಒಳಗಿನ ಪ್ರೋಗ್ರಾಂ, ಮೈನಸ್ 40ರಿಂದ 85 ಡಿಗ್ರಿವರೆಗೆ ತಾಳುವ ಗುಣ ಇವುಗಳಲ್ಲಿ ಸಿಗುತ್ತವೆ. ಕೆಲವು ತಮ್ಮ ಸವೆತ ಎಷ್ಟಾಯಿತೆಂದೂ ವರದಿ ಕೊಡುತ್ತವೆ. ಬೆಲೆ ಹಲವು ಪಟ್ಟು, ಸಾಮರ್ಥ್ಯ ಕಡಿಮೆ. ಕಂಬದ ಮೇಲೆ, ಬೆಟ್ಟದ ತುದಿಯಲ್ಲಿ, ಹೋಗಿ ಕಾರ್ಡ್ ಬದಲಿಸುವ ಖರ್ಚೇ ಕಾರ್ಡಿನ ಬೆಲೆಗಿಂತ ಹೆಚ್ಚಾಗುವ ಕಡೆಗಳಲ್ಲಿ ಮಾತ್ರ ಇದನ್ನು ಆರಿಸಿ.

ಗಾತ್ರದ ಬಗ್ಗೆ ಒಂದು ಮಾತು. 8 ಜಿಬಿ ಸಾಕಾಗುವ ಕೆಲಸಕ್ಕೆ 32 ಜಿಬಿ ಕಾರ್ಡ್ ಹಾಕುವುದು ವ್ಯರ್ಥವಲ್ಲ. ಖಾಲಿ ಜಾಗ ಹೆಚ್ಚಿದ್ದಷ್ಟೂ ಕಂಟ್ರೋಲರ್ ಸವೆತವನ್ನು ಹೆಚ್ಚು ಖಂಡಗಳಿಗೆ ಹಂಚುತ್ತದೆ. ಇನ್ನು ನಕಲಿ ಕಾರ್ಡುಗಳು. 64 ಜಿಬಿ ಎಂದು ಹೇಳಿಕೊಂಡು ಒಳಗೆ 8 ಜಿಬಿ ಮಾತ್ರ ಇರುವ ಕಾರ್ಡ್ ಮೊದಲ ಕೆಲವು ವಾರ ಚೆನ್ನಾಗಿಯೇ ನಡೆಯುತ್ತದೆ, 8 ಜಿಬಿ ತುಂಬಿದ ದಿನ ಎಲ್ಲವನ್ನೂ ಕೆಡಿಸುತ್ತದೆ. ಯಾವ ಕಾರ್ಡನ್ನೇ ಕೊಳ್ಳಿ, ಬಳಸುವ ಮುನ್ನ ಲಿನಕ್ಸ್‌ನಲ್ಲಿ ‘ಎಫ್3’ ಅಥವಾ ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’ ಓಡಿಸಿ ತುದಿಯವರೆಗೆ ತುಂಬಿ ಓದಿ ನೋಡಿ. ಒಂದು ರಾತ್ರಿ ಹಿಡಿಯಬಹುದು, ಹಿಡಿಯಲಿ.

ಬರಹ ಕಡಿಮೆ ಮಾಡುವ ದಾರಿ

ನನ್ನ ತಾಪಮಾನ ದಾಖಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಸೆಕೆಂಡಿಗೊಂದು ಅಳತೆ, ಒಂದೊಂದು 20 ಬೈಟ್. ದಿನಕ್ಕೆ 86,400 ಅಳತೆಗಳು, ಒಟ್ಟು ಮಾಹಿತಿ 1.7 ಎಂಬಿ. ಆದರೆ ಪ್ರತಿ ಅಳತೆಯನ್ನೂ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಆಗಿಂದಾಗ ಒಪ್ಪಿಸಿದರೆ ಡೇಟಾಬೇಸ್ ಪುಟ, ಅದರ ಜರ್ನಲ್, ಫೈಲ್ ಸಿಸ್ಟಂನ ಜರ್ನಲ್ ಎಲ್ಲವೂ ಸೇರುತ್ತವೆ. ಪ್ರತಿ ಸಲ 16 ಕೆಬಿ ಎಂದು ಹಿಡಿದರೂ ದಿನಕ್ಕೆ 1.3 ಜಿಬಿ ಆಯಿತು. ಕಾರ್ಡಿನೊಳಗಿನ ಸಾಗಾಟದಿಂದ ಅದು ಇನ್ನೂ 50 ಪಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. 32 ಜಿಬಿ ಕಾರ್ಡನ್ನು ಸಾವಿರ ಸಲ ಬರೆಯಬಹುದೆಂದರೆ 32 ಟಿಬಿ; ಐವತ್ತರಿಂದ ಭಾಗಿಸಿದರೆ 640 ಜಿಬಿ; ದಿನಕ್ಕೆ 1.3ರಂತೆ ಒಂದು ವರ್ಷ ನಾಲ್ಕು ತಿಂಗಳು. ಅದೇ ಅಳತೆಗಳನ್ನು ರ‍್ಯಾಮ್‌ನಲ್ಲಿ ಕೂಡಿಟ್ಟು ಹತ್ತು ನಿಮಿಷಕ್ಕೊಮ್ಮೆ ಒಟ್ಟಿಗೆ ಒಪ್ಪಿಸಿದರೆ ದಿನಕ್ಕೆ 144 ಬರಹ, 5 ಎಂಬಿಯ ಸುತ್ತಮುತ್ತ. ಪ್ರೋಗ್ರಾಂನಲ್ಲಿ ನಾಲ್ಕು ಸಾಲಿನ ಬದಲಾವಣೆ, ಅಷ್ಟೇ. ಕರೆಂಟ್ ಹೋದರೆ ಕೊನೆಯ ಹತ್ತು ನಿಮಿಷದ ಅಳತೆಗಳು ಹೋಗುತ್ತವೆ. ತಾಪಮಾನಕ್ಕೆ ಅದು ನಷ್ಟವೇ ಅಲ್ಲ. ಹಣದ ವ್ಯವಹಾರವಾಗಿದ್ದರೆ ಈ ದಾರಿ ಸಲ್ಲದು.

ಯಂತ್ರ ತನ್ನ ಆಗುಹೋಗು ಬರೆದಿಡುವ ಲಾಗ್‌ಗಳ ವಿಷಯದಲ್ಲಿ ಎರಡು ಮುಖ್ಯ ದಾರಿಗಳಿವೆ. ಲಿನಕ್ಸ್ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲಾಗ್ ಸಂಗ್ರಹವನ್ನು (ಅದರ ಹೆಸರೂ ಜರ್ನಲ್) ‘ವೊಲಟೈಲ್’ ಮಾಡಿದರೆ ಎಲ್ಲವೂ ರ‍್ಯಾಮ್‌ನಲ್ಲೇ ಉಳಿದು ಯಂತ್ರ ನಿಂತಾಗ ಅಳಿಯುತ್ತದೆ. ‘ಲಾಗ್2ರ‍್ಯಾಮ್’ ಲಾಗ್‌ಗಳನ್ನು ರ‍್ಯಾಮ್‌ನಲ್ಲಿ ಇಟ್ಟು ದಿನಕ್ಕೊಮ್ಮೆ ಮತ್ತು ಸ್ಥಗಿತಗೊಳಿಸುವಾಗ ಕಾರ್ಡಿಗೆ ಇಳಿಸುತ್ತದೆ. ಆರ್ಮ್‌ಬಿಯನ್, ಡಯಟ್‌ಪೈ ವ್ಯವಸ್ಥೆಗಳಲ್ಲಿ ಇಂಥ ಏರ್ಪಾಟು ಮೊದಲಿನಿಂದಲೇ ಇದೆ. ಎರಡರಲ್ಲೂ ಒಂದು ಕೊರತೆ ಉಳಿಯುತ್ತದೆ: ಯಂತ್ರ ಹಠಾತ್ತನೆ ಬಿದ್ದರೆ, ಬಿದ್ದದ್ದೇಕೆ ಎಂದು ಹೇಳುವ ಕೊನೆಯ ಸಾಲುಗಳೇ ಇರುವುದಿಲ್ಲ. ಹಲವು ಬೋರ್ಡುಗಳಿದ್ದರೆ ಲಾಗ್‌ಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು.

ರ‍್ಯಾಮ್ ಸಾಲದಾದಾಗ ಬಳಸುವ ಸ್ವಾಪ್ ಕಡತ ಕಾರ್ಡಿನ ಮೇಲಿದ್ದರೆ ತೆಗೆದು ‘ಜಡ್‌ರ‍್ಯಾಮ್’ ಹಾಕಿ. ರ‍್ಯಾಮ್‌ನ ಒಂದು ಭಾಗದಲ್ಲೇ ಮಾಹಿತಿಯನ್ನು ಹಿಂಡಿ ಇಡುತ್ತದೆ. ವಿಭಾಗವನ್ನು ಯಂತ್ರಕ್ಕೆ ಜೋಡಿಸುವ (ಮೌಂಟ್) ಆಯ್ಕೆಗಳಲ್ಲಿ ‘ನೋಎಟೈಮ್’ ಸೇರಿಸಿದರೆ ಕಡತ ಓದಿದ ಹೊತ್ತನ್ನು ಬರೆದಿಡುವುದು ನಿಲ್ಲುತ್ತದೆ. ಎಕ್ಸ್‌ಟ್4 ಐದು ಸೆಕೆಂಡಿಗೊಮ್ಮೆ ಜರ್ನಲ್ ಒಪ್ಪಿಸುವುದನ್ನು ‘ಕಮಿಟ್’ ಆಯ್ಕೆಯಿಂದ 60 ಸೆಕೆಂಡಿಗೆ ಏರಿಸಬಹುದು. ಇವೆಲ್ಲ ಹತ್ತು ನಿಮಿಷದ ಕೆಲಸ, ಯಾವ ಯಂತ್ರಕ್ಕಾದರೂ ಸರಿ.

ಬರೆಯುವುದನ್ನೇ ನಿಲ್ಲಿಸುವ ದಾರಿ

ನನ್ನ ಮಟ್ಟಿಗೆ ಅತ್ಯುತ್ತಮ ಉತ್ತರ ಇಲ್ಲಿದೆ. ಓವರ್‌ಲೇಎಫ್‌ಎಸ್ 2014ರಲ್ಲಿ 3.18ನೆಯ ಲಿನಕ್ಸ್ ಕರ್ನಲ್‌ಗೆ ಸೇರಿತು. ಕೆಳಗೆ ಓದಲು ಮಾತ್ರ ಬರುವ ಕಾರ್ಡ್, ಮೇಲೆ ರ‍್ಯಾಮ್‌ನ ತೆಳು ಪದರ. ಪ್ರೋಗ್ರಾಂಗಳು ಬರೆದದ್ದೆಲ್ಲ ಮೇಲಿನ ಪದರದಲ್ಲಿ ನಿಲ್ಲುತ್ತದೆ, ಕಾರ್ಡನ್ನು ಮುಟ್ಟುವುದೇ ಇಲ್ಲ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ‘ರಾಸ್ಪಿ-ಕಾನ್ಫಿಗ್’ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆರಿಸಿ, ಬೂಟ್ ವಿಭಾಗವನ್ನೂ ಓದಲು ಮಾತ್ರ ಎಂದು ಒಪ್ಪಿದರೆ ಮುಗಿಯಿತು. ಅಲ್ಲಿಂದ ಮುಂದೆ ಪ್ಲಗ್ ಕಿತ್ತರೂ ಬರಹ ಅರ್ಧಕ್ಕೆ ನಿಲ್ಲುವ ಪ್ರಶ್ನೆಯಿಲ್ಲ, ಬರಹವೇ ಇಲ್ಲವಲ್ಲ. ಪ್ರದರ್ಶನ ಫಲಕ, ಹಾಡು ನುಡಿಸುವ ಪೆಟ್ಟಿಗೆ, ಜಾಹೀರಾತು ತಡೆಯುವ ಡಿಎನ್‌ಎಸ್ ಸರ್ವರ್, ಮಕ್ಕಳ ಪ್ರಯೋಗಾಲಯದ ಬೋರ್ಡುಗಳು ಇಂಥ ಕೆಲಸಗಳಿಗೆ ಬೇರೆ ದಾರಿ ಹುಡುಕಬೇಕಿಲ್ಲ.

ಬೆಲೆಯಂತೂ ಇದೆ. ಮಾಡಿದ ಬದಲಾವಣೆ ಮರುಚಾಲೂ ಆದೊಡನೆ ಅಳಿಯುತ್ತದೆ. ಒಂದು ಮಧ್ಯಾಹ್ನವಿಡೀ ಕೂತು ಪ್ರೋಗ್ರಾಂ ತಿದ್ದಿ, ಓವರ್‌ಲೇ ಚಾಲೂ ಇದೆ ಎಂಬುದು ಮರೆತು, ಎಲ್ಲವನ್ನೂ ಕಳೆದುಕೊಂಡ ಅನುಭವ ನನಗಿದೆ. ಹೊಸ ಆವೃತ್ತಿಗಳನ್ನು ಹಾಕಬೇಕಾದರೆ ಓವರ್‌ಲೇ ತೆಗೆದು, ಮರುಚಾಲೂ ಮಾಡಿ, ಹಾಕಿ, ಮತ್ತೆ ಓವರ್‌ಲೇ ಏರಿಸಬೇಕು. ರ‍್ಯಾಮ್ ಪದರಕ್ಕೆ ಮಿತಿಯಿದೆ. ಯಾವುದೋ ಪ್ರೋಗ್ರಾಂ ಲಾಗ್ ಸುರಿಯುತ್ತಿದ್ದರೆ ಕೆಲವು ದಿನಗಳಲ್ಲಿ ಪದರ ತುಂಬಿ ಯಂತ್ರ ತಡವರಿಸುತ್ತದೆ. ಗಡಿಯಾರದ ತೊಡಕೂ ಇದೆ. ಪೈ 5ಕ್ಕಿಂತ ಹಳೆಯ ಪೈಗಳಲ್ಲಿ ಸ್ವಂತ ಗಡಿಯಾರವಿಲ್ಲ. ಕೊನೆಯ ಹೊತ್ತನ್ನು ಕಡತದಲ್ಲಿ ಬರೆದಿಡುವ ಉಪಾಯವೂ ಇಲ್ಲಿ ನಡೆಯುವುದಿಲ್ಲವಾದ್ದರಿಂದ ನೆಟ್‌ವರ್ಕ್ ಸಿಗುವವರೆಗೆ ಯಂತ್ರ ಹಳೆಯ ತಾರೀಖಿನಲ್ಲೇ ಇರುತ್ತದೆ. ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿದರೆ ಈ ತೊಂದರೆ ಕಳೆಯುತ್ತದೆ.

ದತ್ತಾಂಶವನ್ನು ಉಳಿಸಿಕೊಳ್ಳಲೇಬೇಕಾದವರು ಸಾಮಾನ್ಯವಾಗಿ ಅದೇ ಕಾರ್ಡಿನಲ್ಲಿ ಮೂರನೆಯ ವಿಭಾಗ ಮಾಡಿ ಅದಕ್ಕೆ ಮಾತ್ರ ಬರೆಯುತ್ತಾರೆ. ದಯವಿಟ್ಟು ಇಲ್ಲಿ ನಿಂತು ಯೋಚಿಸಿ. ವಿಭಾಗಗಳು ನಮ್ಮ ಲೆಕ್ಕಕ್ಕೆ ಬೇರೆ ಬೇರೆ, ಕಾರ್ಡಿನ ಕಂಟ್ರೋಲರ್‌ಗೆ ಎಲ್ಲವೂ ಒಂದೇ. ಮೂರನೆಯ ವಿಭಾಗಕ್ಕೆ ಬರೆಯುವಾಗ ಕರೆಂಟ್ ಹೋಗಿ ಒಳನಕ್ಷೆ ಕೆಟ್ಟರೆ, ಓದಲು ಮಾತ್ರ ಇದ್ದ ಎರಡನೆಯ ವಿಭಾಗವೂ ಅದರೊಡನೆ ಹೋಗಬಹುದು. ದತ್ತಾಂಶಕ್ಕೆ ಬೇರೆಯದೇ ಸಾಧನ ಕೊಡಿ. ಒಂದು ಯುಎಸ್‌ಬಿ ಪೆನ್‌ಡ್ರೈವ್ ಆದರೂ ಸರಿ. ಅದನ್ನು ಮೌಂಟ್ ಮಾಡುವ ಸಾಲಿನಲ್ಲಿ ‘ನೋಫೇಲ್’ ಸೇರಿಸಿ. ಪೆನ್‌ಡ್ರೈವ್ ಕೆಟ್ಟ ದಿನವೂ ಯಂತ್ರ ಏಳುತ್ತದೆ, ದೂರದಿಂದ ಒಳಹೊಕ್ಕು ನೋಡಲು ಆಗುತ್ತದೆ. ಈಗ ನನ್ನ ತಾಪಮಾನದ ಯಂತ್ರ ಹೀಗೆಯೇ ಇದೆ.

ಇದೇ ಜಾಡಿನಲ್ಲಿ ಆಲ್ಪೈನ್ ಲಿನಕ್ಸ್‌ನ ‘ಡಿಸ್ಕ್‌ಲೆಸ್’ ವಿಧಾನವೂ ಇದೆ. ಇಡೀ ವ್ಯವಸ್ಥೆ ರ‍್ಯಾಮ್‌ಗೆ ಏರುತ್ತದೆ. ಬದಲಾವಣೆ ಉಳಿಸಬೇಕೆಂದಾಗ ಮಾತ್ರ ‘ಎಲ್‌ಬಿಯು ಕಮಿಟ್’ ಎಂದು ನೀವೇ ಹೇಳಬೇಕು. ಕೆಲಸ ಅಚ್ಚುಕಟ್ಟು. ಪೈ ಓಎಸ್‌ನ ಮೂಲವಾದ ಡೆಬಿಯನ್‌ಗೆ ಒಗ್ಗಿದವರಿಗೆ ಹೊಸದಾಗಿ ಕಲಿಯುವುದು ಬಹಳ ಇರುತ್ತದೆ.

ಫೈಲ್ ಸಿಸ್ಟಂ ಬದಲಿಸಿದರೆ?

ಸ್ಯಾಮ್‌ಸಂಗ್ ರೂಪಿಸಿದ ಎಫ್2ಎಫ್‌ಎಸ್ 2013ರಲ್ಲಿ ಕರ್ನಲ್‌ಗೆ ಬಂದಿದ್ದು, ಫ್ಲ್ಯಾಶ್‌ಗೆ ಹಿತವಾಗುವಂತೆ ಬರೆಯುತ್ತದೆ. ಬಿಟಿಆರ್‌ಎಫ್‌ಎಸ್ ಪ್ರತಿ ತುಣುಕಿಗೂ ಚೆಕ್‌ಸಮ್ (ತಾಳೆ ನೋಡುವ ಮೊತ್ತ) ಇಟ್ಟು ಕೆಟ್ಟದ್ದನ್ನು ಕೂಡಲೇ ಹೇಳುತ್ತದೆ. ಎರಡನೆಯ ಪ್ರತಿ ಇಲ್ಲದಿದ್ದರೆ ಸರಿಪಡಿಸಲಾರದು. ಎರಡಕ್ಕೂ ಅವುಗಳದೇ ಗುಣವಿದೆ, ಆದರೆ ಕಾರ್ಡಿನ ಒಳನಕ್ಷೆ ಕೆಟ್ಟರೆ ಯಾವ ಫೈಲ್ ಸಿಸ್ಟಂ ಕೂಡ ಉಳಿಯುವುದಿಲ್ಲ. ಎಕ್ಸ್‌ಟ್4ರಲ್ಲೇ ಇರಿ. ಕೆಟ್ಟಾಗ ರಿಪೇರಿ ಮಾಡುವ ಸಾಧನಗಳು ಅದಕ್ಕಿರುವಷ್ಟು ಪಳಗಿದವು ಬೇರೆಯದಕ್ಕಿಲ್ಲ.

ಕಾರ್ಡನ್ನೇ ಬಿಡುವ ದಾರಿ

ಡೇಟಾಬೇಸ್, ಮನೆ ನಿಯಂತ್ರಣದ ಸರ್ವರ್, ಫೋಟೊ ಸಂಗ್ರಹ ಹೀಗೆ ಬರೆಯುವುದೇ ಮುಖ್ಯ ಕೆಲಸವಾದ ಯಂತ್ರಗಳಿಗೆ ಓವರ್‌ಲೇ ಹೊಂದುವುದಿಲ್ಲ. ಅವಕ್ಕೆ ಎಸ್‌ಎಸ್‌ಡಿಯೇ ತಕ್ಕದ್ದು. ಪೈ 4 ತನ್ನನ್ನು ಚಾಲೂ ಮಾಡುವ ಪ್ರೋಗ್ರಾಂ (ಬೂಟ್‌ಲೋಡರ್) ನವೀಕರಿಸಿದರೆ ಯುಎಸ್‌ಬಿಯಿಂದ ನೇರವಾಗಿ ಚಾಲೂ ಆಗುತ್ತದೆ. ಪೈ 3ಬಿ ಪ್ಲಸ್ ಮೊದಲಿನಿಂದಲೇ ಆಗುತ್ತದೆ. ಪೈ 5ಕ್ಕೆ ಪಿಸಿಐಇ ಸಂಪರ್ಕದ ಮೂಲಕ ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿ ಕೂಡ ಜೋಡಿಸಬಹುದು. ಎಸ್‌ಎಸ್‌ಡಿಯ ದೊಡ್ಡ ಲಾಭ ವೇಗವಲ್ಲ. ‘ಸ್ಮಾರ್ಟ್’ ಎಂಬ ಸ್ವಂತ ಆರೋಗ್ಯ ವರದಿಯಲ್ಲಿ ತನ್ನ ಸವೆತ ಎಷ್ಟಾಗಿದೆ ಎಂದು ಅದು ಹೇಳುತ್ತದೆ. ಸಾಮಾನ್ಯ ಕಾರ್ಡ್ ಸಾಯುವ ದಿನದವರೆಗೂ ಮೌನ. ಆದರೆ ಎಸ್‌ಎಸ್‌ಡಿ ಹೆಚ್ಚು ವಿದ್ಯುತ್ ಎಳೆಯುತ್ತದೆ, ಆದ್ದರಿಂದ ಅಡಾಪ್ಟರ್ ಗಟ್ಟಿ ಇರಬೇಕು. ಕೆಲವು ಯುಎಸ್‌ಬಿ-ಸಾಟಾ ಕೇಬಲ್ಲುಗಳ ಚಿಪ್ಪುಗಳು ಪೈ 4ರ ಜೊತೆ ಹೊಂದದೆ ಮಧ್ಯೆ ಮಧ್ಯೆ ಸಂಪರ್ಕ ಕಡಿಯುತ್ತವೆ. ಕೊಳ್ಳುವ ಮುನ್ನ ಕೇಬಲ್ಲಿನ ಚಿಪ್ಪು ಯಾವುದೆಂದು ವಿಚಾರಿಸಿ. ಗೃಹಬಳಕೆಯ ಎಸ್‌ಎಸ್‌ಡಿ ಕೂಡ ವಿದ್ಯುತ್ ಕಡಿತಕ್ಕೆ ಪೂರ್ತಿ ಅಂಜದೆ ಇರುವಂಥದ್ದೇನಲ್ಲ. ಇಲ್ಲಿಯೇ ಯುಪಿಎಸ್ ತನ್ನ ಬೆಲೆ ಗಳಿಸುತ್ತದೆ.

ಬೋರ್ಡ್ ಇನ್ನೂ ಕೊಂಡಿಲ್ಲವಾದರೆ ಇಎಂಎಂಸಿ, ಅಂದರೆ ಬೋರ್ಡಿಗೆಂದೇ ಮಾಡಿದ ಫ್ಲ್ಯಾಶ್ ಚಿಪ್ಪು, ಇರುವುದನ್ನು ನೋಡಿ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಅದು ಬೋರ್ಡಿಗೇ ಬೆಸೆದಿದೆ. ಒಡ್ರಾಯ್ಡ್‌ನ ಹಲವು ಬೋರ್ಡುಗಳಲ್ಲಿ ಕಿತ್ತು ಹಾಕುವ ಮಾಡ್ಯೂಲ್ ಇದೆ. ಪೈಯ ಕಂಪ್ಯೂಟ್ ಮಾಡ್ಯೂಲ್‌ಗಳಲ್ಲೂ ಸಿಗುತ್ತದೆ. ಇಎಂಎಂಸಿ 5.0ರಿಂದ ಈಚಿನವು ಎಷ್ಟು ಆಯಸ್ಸು ಕಳೆದಿದೆ ಎಂದು ಹತ್ತು ಹತ್ತು ಶೇಕಡಾ ಹಂತಗಳಲ್ಲಿ ತಿಳಿಸುತ್ತವೆ. ಬೆಸೆದದ್ದು ಸವೆದರೆ ಬದಲಿಸುವುದು ಕಷ್ಟ ಎಂಬುದೊಂದೇ ಯೋಚಿಸಬೇಕಾದ ಸಂಗತಿ. ಹತ್ತಾರು ಬೋರ್ಡುಗಳು ಒಂದೇ ಕಡೆ ಇದ್ದು, ನೆಚ್ಚಬಹುದಾದ ಒಂದು ಸರ್ವರ್ ಇದ್ದರೆ, ಕಾರ್ಡಿಲ್ಲದೆ ಅದರಿಂದಲೇ ಚಾಲೂ ಆಗುವಂತೆ ನೆಟ್‌ವರ್ಕ್ ಬೂಟ್ ಮಾಡಿಸಿ. ಒಂದೆರಡು ಬೋರ್ಡಿಗೆ ಅಷ್ಟು ಶ್ರಮ ಬೇಡ.

ಯಾವುದನ್ನೇ ಆರಿಸಿದರೂ ಪ್ರತಿ ತೆಗೆದಿಡುವುದು ತಪ್ಪುವುದಿಲ್ಲ. ಪೈ ಓಎಸ್‌ನ ‘ಎಸ್‌ಡಿ ಕಾರ್ಡ್ ಕಾಪಿಯರ್’ ಓಡುತ್ತಿರುವ ಯಂತ್ರವನ್ನೇ ಇನ್ನೊಂದು ಕಾರ್ಡಿಗೆ ಇಳಿಸುತ್ತದೆ. ಆದೇಶದ ಸಾಲಿನಲ್ಲಿ ಕೆಲಸ ಮಾಡುವವರಿಗೆ ‘ಆರ್‌ಪಿಐ-ಕ್ಲೋನ್’ ಇದೆ, ಮೊದಲ ಸಲದ ನಂತರ ಬದಲಾದದ್ದನ್ನು ಮಾತ್ರ ನಕಲಿಸುವುದರಿಂದ ಬೇಗ ಮುಗಿಯುತ್ತದೆ. ನಕಲು ಮಾಡಿದ ಕಾರ್ಡನ್ನು ಹಾಗೆಯೇ ಎತ್ತಿಡಬೇಡಿ. ಬೋರ್ಡಿಗೆ ಹಾಕಿ ಒಮ್ಮೆ ಚಾಲೂ ಮಾಡಿ, ಹಸಿರು ದೀಪ ನಿಲ್ಲದೆ ಮಿಣುಕುವುದನ್ನು ಕಂಡು, ಒಳಹೊಕ್ಕು ನಿಮ್ಮ ಕಡತ ತೆರೆದು ನೋಡಿ, ತಾರೀಖು ಬರೆದ ಚೀಟಿ ಅಂಟಿಸಿ ಯಂತ್ರದ ಪಕ್ಕದಲ್ಲೇ ಇಡಿ.